ತಿಮಿಂಗಿಲದ ಪಾಲು ಮತ್ತು ನೆಲದಡಿಯ ಉಗ್ರಾಣ

ನಮ್ಮನೆ ಗೋಡೆ ಮೇಲೆ ಮಗಳಿಗೆಂದು ಅಂಟಿಸಿದ ಎಬಿಸಿಡಿ ಚಾರ್ಟ್ ಒಂದಿದೆ. ಅದರಲ್ಲಿ 'ಐ ಫಾರ್ ಇಗ್ಲೂ'. ಒಂದು ಬಿಳಿ ಗುಮ್ಮಟ, ಮುಂದೆ ತುಪ್ಪಳದ ಕೋಟು ತೊಟ್ಟು ನಗುತ್ತಾ ನಿಂತ ಒಬ್ಬ ಮನುಷ್ಯ, ಪಕ್ಕದಲ್ಲಿ ಒಂದು ಪೆಂಗ್ವಿನ್. (ಪೆಂಗ್ವಿನ್ ಇರೋದು ದಕ್ಷಿಣ ಧ್ರುವದ ಕಡೆ, ಇಗ್ಲೂ ಉತ್ತರದ ಕಡೆ. ಚಾರ್ಟ್ ಮಾಡಿದವರಿಗೆ ಭೂಮಿ ತುಂಬಾ ಚಿಕ್ಕದಾಗಿ ಕಂಡಿರಬೇಕು!)

ಮೊನ್ನೆ ಮಗಳು ಅದನ್ನೇ ನೋಡುತ್ತಾ ಕೇಳಿದಳು: "ಅಪ್ಪ, ಅಲ್ಲಿ ಬರೀ ಐಸ್ ಅಲ್ವಾ? ಅಕ್ಕಿ ಬೆಳೆಯಲ್ಲ, ತರಕಾರಿ ಬೆಳೆಯಲ್ಲ. ಇವ್ರು ಊಟಕ್ಕೇನು ಮಾಡ್ತಾರೆ?" "ಮೀನು ಗೀನು ತಿಂತಾರೆ ಕಣೇ" ಅಂತ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ರಾತ್ರಿ ಊಟ ಮುಗಿಸಿ ಓದಲು ಕೂತವನು ಎದ್ದಾಗ ಗಂಟೆ ಎರಡಾಗಿತ್ತು. ಆಮೇಲೆ ಹದಿನೈದು ದಿನ ಅದೇ ಗುಂಗು. ಆ ಗುಂಗಿನ ಫಲವೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡಿಕೊಂಡು ಕೂತರೆ ಒಳ್ಳೆಯದು.

ಮೊದಲೇ ಹೇಳಿಬಿಡ್ತೀನಿ, ನಾನು ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವನು. ಹಿಮದ ಮೇಲೆ ರಕ್ತ ಚೆಲ್ಲಿದ ತಿಮಿಂಗಿಲದ ಫೋಟೋ ಮೊದಲ ಸಲ ನೋಡಿದಾಗ ಪುಟ ಮುಚ್ಚಿಬಿಟ್ಟಿದ್ದೆ. ಮತ್ತೆ ತೆರೆಯೋಕೆ ಎರಡು ದಿನ ಬೇಕಾಯ್ತು.

*

ಚಾರ್ಟಿನಲ್ಲಿ ಪೆಂಗ್ವಿನ್ನಿಗಿಂತ ದೊಡ್ಡ ತಪ್ಪು ಆ ಗುಮ್ಮಟದ ಮನೆಯೇ. ನಾನು ಹೇಳಹೊರಟಿರುವುದು ಅಲಾಸ್ಕಾದ ಉತ್ತರ ತುದಿಯ ಇನ್ಯುಪಿಯಾಟ್ ಜನರ ಬಗ್ಗೆ. ಹೊರಗಿನವರು ಎಸ್ಕಿಮೋ ಅಂತ ಕರೆದ ಹಲವು ಜನಾಂಗಗಳಲ್ಲಿ ಇವರೂ ಒಬ್ಬರು. 'ಇನ್ಯುಪಿಯಾಟ್' ಅಂದರೆ ಅವರ ಭಾಷೆಯಲ್ಲಿ 'ನಿಜವಾದ ಜನ'. 'ಇಗ್ಲು' ಅಂದರೆ ಅವರಿಗೆ ಬರೀ 'ಮನೆ', ಎಂಥ ಮನೆಯಾದರೂ ಸರಿ. ಹಿಮದ ಗುಮ್ಮಟದಲ್ಲಿ ಚಳಿಗಾಲ ಕಳೆಯುತ್ತಿದ್ದವರು ಕೆನಡಾ ಕಡೆಯ ಬಂಧುಗಳು. ಇವರದು ಅರ್ಧ ನೆಲದೊಳಗೆ ತೋಡಿದ ಮಣ್ಣಿನ ಮನೆ. ಸಮುದ್ರದಲ್ಲಿ ತೇಲಿ ಬಂದ ಮರ ಮತ್ತು ತಿಮಿಂಗಿಲದ ಮೂಳೆಗಳೇ ಕಂಬ, ತೊಲೆ. ಮೇಲೆ ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ. ಒಳಗೆ ಹೋಗಲು ನೆಲಮಟ್ಟಕ್ಕಿಂತ ಕೆಳಗಿನ ಸುರಂಗ. ತಣ್ಣನೆ ಗಾಳಿ ಭಾರವಲ್ಲವೇ, ಅದು ಸುರಂಗದಲ್ಲೇ ಉಳಿದು, ಮೇಲಿನ ಕೋಣೆ ಬೆಚ್ಚಗಿರುತ್ತದೆ.

ಇವರ ದೊಡ್ಡ ಊರು ಉಟ್ಕಿಯಾಗ್ವಿಕ್. ಹಳೆಯ ನಕ್ಷೆಗಳಲ್ಲಿ 'ಬ್ಯಾರೋ' ಅಂತಿರುತ್ತದೆ. 2016ರಲ್ಲಿ ಜನ ಮತ ಹಾಕಿ ತಮ್ಮ ಹಳೆಯ ಹೆಸರನ್ನು ವಾಪಸು ತಂದರು. ಚಳಿಗಾಲದಲ್ಲಿ ಅರವತ್ತಕ್ಕೂ ಹೆಚ್ಚು ದಿನ ಸೂರ್ಯ ಹುಟ್ಟುವುದೇ ಇಲ್ಲ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಅಂಗಡಿಯ ಸಾಮಾನು ವಿಮಾನದಲ್ಲಿ ಬರಬೇಕು, ಇಲ್ಲಾ ಬೇಸಿಗೆಯಲ್ಲಿ ಐಸ್ ಕರಗಿದಾಗ ದೋಣಿಯಲ್ಲಿ.

1982ರಲ್ಲಿ ಈ ಊರಿನಲ್ಲಿ ಕೆಲವು ಶತಮಾನ ಹಳೆಯ ಮನೆಯೊಂದು ಸಿಕ್ಕಿತು. ಸಮುದ್ರದ ಐಸ್ ದಡಕ್ಕೆ ಒತ್ತರಿಸಿ ಬಂದು ಮಲಗಿದ್ದವರ ಮೇಲೆಯೇ ಮನೆ ಕುಸಿದಿತ್ತು. ಒಳಗಿದ್ದವರಲ್ಲಿ ಇಬ್ಬರು ಹೆಂಗಸರ ದೇಹ ಹೆಪ್ಪುಗಟ್ಟಿ ಹಾಗೇ ಉಳಿದಿತ್ತು. ಅವರ ಶ್ವಾಸಕೋಶದಲ್ಲಿ ಕೊಬ್ಬಿನ ದೀಪದ ಮಸಿ. ಒಬ್ಬಾಕೆಯ ಸ್ನಾಯುಗಳಲ್ಲಿ ಹಸಿ ಮಾಂಸದಿಂದ, ಬಹುಶಃ ಹಿಮಕರಡಿಯ ಮಾಂಸದಿಂದ, ಬಂದ ಹುಳದ ಕುರುಹು. ಪರೀಕ್ಷೆ ಮುಗಿದ ಮೇಲೆ ಊರಿನ ಹಿರಿಯರು ಅವರನ್ನು ಮತ್ತೆ ಮಣ್ಣು ಮಾಡಿದರು. ಮಗಳ ಪ್ರಶ್ನೆಗೆ ಉತ್ತರ ಆ ತಾಯಂದಿರ ಮೈಯೊಳಗೇ ಇತ್ತು ಅನ್ನಿಸಿತು ನನಗೆ.

*

ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಈ ಜನರ ಬದುಕು ನಿಂತಿರುವುದು ಒಂದು ಪ್ರಾಣಿಯ ಮೇಲೆ. ಬೋಹೆಡ್ ತಿಮಿಂಗಿಲ. ಅವರ ಮಾತಿನಲ್ಲಿ 'ಆಗ್ವಿಕ್'. ಬಿಲ್ಲಿನ ಹಾಗೆ ಬಾಗಿದ ಬಾಯಿ, ದೇಹದ ಮೂರರಲ್ಲೊಂದು ಪಾಲು ತಲೆಯೇ. ಹಲ್ಲಿಲ್ಲ. ಬದಲಿಗೆ ಬಾಯಿಯ ತುಂಬಾ ಬಾಚಣಿಗೆಯಂಥ ಉದ್ದುದ್ದ ಪಟ್ಟಿಗಳು, ಬಲೀನ್ ಅಂತಾರೆ. ನಾಲ್ಕು ಮೀಟರ್‌ವರೆಗೂ ಬೆಳೆಯುತ್ತವೆ. ನೀರನ್ನು ಅದರಲ್ಲಿ ಸೋಸಿ ಸಣ್ಣ ಸಣ್ಣ ಸಿಗಡಿಯಂಥ ಜೀವಿಗಳನ್ನು ತಿನ್ನುತ್ತದೆ. ಚರ್ಮದಡಿ ಅರ್ಧ ಮೀಟರ್‌ನಷ್ಟು ಕೊಬ್ಬು. ಉಸಿರಾಡಲು ಜಾಗ ಬೇಕಾದರೆ ತಲೆಯಿಂದಲೇ ಐಸ್ ಒಡೆಯುತ್ತದೆ. (ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆ ದೊಡ್ಡ ಜಗಳವಿದೆ.) ಇನ್ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲದು. 2007ರಲ್ಲಿ ಹಿಡಿದ ಒಂದರ ಮೈಯೊಳಗೆ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ತಯಾರಾದ ಸಿಡಿಗುಂಡಿನ ಚೂರು ಸಿಕ್ಕಿತ್ತು. ಅಂದರೆ ಒಂದು ಬೇಟೆಯಿಂದ ತಪ್ಪಿಸಿಕೊಂಡು ನೂರು ವರ್ಷದ ಮೇಲೆ ಬದುಕಿತ್ತು.

ಚಳಿಗಾಲದಲ್ಲಿ ಬೇರಿಂಗ್ ಸಮುದ್ರದಲ್ಲಿರುವ ಈ ತಿಮಿಂಗಿಲಗಳು ಏಪ್ರಿಲ್-ಮೇನಲ್ಲಿ ಉತ್ತರಕ್ಕೆ ಹೊರಡುತ್ತವೆ. ದಡಕ್ಕೆ ಅಂಟಿದ ಐಸ್ ಮತ್ತು ತೇಲುವ ಐಸ್ ನಡುವೆ ಆಗ ನೀರಿನ ಹಾದಿಗಳು ತೆರೆದುಕೊಳ್ಳುತ್ತವೆ. ಬೇಟೆಗಾರರು ಆ ಹಾದಿಯ ಅಂಚಿನಲ್ಲೇ, ಐಸ್ ಮೇಲೆ, ಕಾಯುತ್ತಾರೆ. ಪೂರ್ವದ ಗಾಳಿ ಹಾದಿ ತೆರೆಯುತ್ತದೆ. ಪಶ್ಚಿಮದ ಗಾಳಿ ಎದ್ದರೆ ತೇಲುವ ಐಸ್ ಬಂದು ಅಪ್ಪಳಿಸುತ್ತದೆ, ಕಾಲ ಕೆಳಗಿನ ನೆಲವೇ ಬಿರುಕು ಬಿಡಬಹುದು. ಆಗ ಎಲ್ಲವನ್ನೂ ಕಟ್ಟಿಕೊಂಡು ಓಡಬೇಕು.

ದೋಣಿಯ ಹೆಸರು ಉಮಿಯಾಕ್. ಮರದ ಚೌಕಟ್ಟಿಗೆ ದೊಡ್ಡ ಜಾತಿಯ ಸೀಲ್ ಚರ್ಮ ಬಿಗಿದು ಮಾಡಿದ್ದು. ಚರ್ಮವನ್ನು ಕೊಳೆಹಾಕಿ ಕೂದಲು ತೆಗೆದು, ಹಿಮಸಾರಂಗದ ನರದ ದಾರದಿಂದ ಹೆಂಗಸರು ಹೊಲಿಯುತ್ತಾರೆ. ಸೂಜಿ ಚರ್ಮದ ಪೂರ್ತಿ ಆಚೆ ಹೋಗಬಾರದು, ಅರ್ಧ ದಪ್ಪದಲ್ಲೇ ಹಾದು ಬರಬೇಕು. ಆಗ ತೂತು ಬೀಳುವುದಿಲ್ಲ, ನೀರು ಒಸರುವುದಿಲ್ಲ. ಒಂದು ಹೊಲಿಗೆ ತಪ್ಪಿದರೆ ಆ ನೀರಿನಲ್ಲಿ ಯಾರೂ ಉಳಿಯುವುದಿಲ್ಲ. ಮೋಟಾರು ಸದ್ದಿಗೆ ತಿಮಿಂಗಿಲ ದೂರ ಸರಿಯುತ್ತದೆ, ಹಾಗಾಗಿ ವಸಂತದ ಬೇಟೆಯಲ್ಲಿ ಚರ್ಮದ ದೋಣಿ ಇವತ್ತಿಗೂ ಇದೆ. ಐಸ್ ಇಲ್ಲದ ಶರತ್ಕಾಲದ ಬೇಟೆಗೆ ಮೋಟಾರು ದೋಣಿ.

ದೋಣಿಯ ಯಜಮಾನ ಉಮಿಯಾಲಿಕ್. ಗುಂಪಿನ ಖರ್ಚು, ಊಟ, ಸಾಮಾನು ಎಲ್ಲ ಅವನದು. ಆದರೆ ಹಳೆಯ ನಂಬಿಕೆಯ ಪ್ರಕಾರ ತಿಮಿಂಗಿಲ ತನ್ನನ್ನು ಒಪ್ಪಿಸಿಕೊಳ್ಳುವುದು ಯಜಮಾನನಿಗಲ್ಲ, ಅವನ ಹೆಂಡತಿಗೆ! ಗಂಡ ಐಸ್ ಮೇಲಿರುವಾಗ ಆಕೆ ಮನೆಯಲ್ಲಿ ಗಡಿಬಿಡಿಯಿಲ್ಲದೆ, ಸಿಟ್ಟಿಲ್ಲದೆ ಶಾಂತವಾಗಿರಬೇಕು. ಆಕೆ ಹೇಗಿರುತ್ತಾಳೋ ತಿಮಿಂಗಿಲವೂ ಹಾಗಿರುತ್ತದೆ. ಹಿಂದೆ, ತಿಮಿಂಗಿಲ ದಡಕ್ಕೆ ಬಂದಾಗ ಆಕೆ ಅದಕ್ಕೆ ಕುಡಿಯಲು ಸಿಹಿನೀರು ಕೊಡುತ್ತಿದ್ದಳು. ಉಪ್ಪು ನೀರಿನಲ್ಲಿ ಬದುಕಿದ ಅತಿಥಿಗೆ ಬಾಯಾರಿರುತ್ತದೆ ಅಂತ. ಪಾಯಿಂಟ್ ಹೋಪ್ ಕಡೆ ತಲೆಬುರುಡೆಯನ್ನು ಸಮುದ್ರಕ್ಕೆ ವಾಪಸು ಬಿಡುತ್ತಿದ್ದರು. ಅದರ ಜೀವ ಹಿಂತಿರುಗಿ ಹೋಗಿ ಹೊಸ ಮೈ ತೊಟ್ಟು ಬರಲಿ, ನಮ್ಮ ಮನೆಯಲ್ಲಿ ಮರ್ಯಾದೆ ಸಿಕ್ಕಿತು ಅಂತ ಬೇರೆಯವಕ್ಕೆ ಹೇಳಲಿ ಎಂಬ ಭಾವ. ಈಗ ಬಹುಪಾಲು ಜನ ಕ್ರೈಸ್ತರು. ತಿಮಿಂಗಿಲ ಸಿಕ್ಕಾಗ ಮೊದಲು ಪ್ರಾರ್ಥನೆ. ಆದರೆ "ಅದು ತಾನಾಗಿ ಕೊಟ್ಟುಕೊಂಡಿತು" ಅನ್ನುವ ಮಾತು ಬದಲಾಗಿಲ್ಲ.

*

ಹಾರ್ಪೂನ್ ಬಿದ್ದ ಮೇಲೆ ನಿಜವಾದ ಕೆಲಸ ಶುರು.

ಐವತ್ತು ಟನ್ ಪ್ರಾಣಿಯನ್ನು ರಾಟೆ, ಹಗ್ಗ ಕಟ್ಟಿ ಐಸ್ ಮೇಲೆ ಎಳೆಯಲು ಊರಿಗೆ ಊರೇ ಬರಬೇಕು. ಎಳೆದ ಮೇಲೆ ಹೊತ್ತು ಕಳೆಯುವಂತಿಲ್ಲ. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಆ ದಪ್ಪ ಕೊಬ್ಬಿನ ರಗ್ಗಿನೊಳಗೆ ಮೈ ಬಿಸಿಯಾಗಿಯೇ ಇರುತ್ತದೆ. ಕತ್ತರಿಸುವುದು ತಡವಾದರೆ ಆ ಬಿಸಿಗೇ ಮಾಂಸ ಹುಳಿಯುತ್ತದೆ. ಐಸ್ ಮೇಲೆ ಮಾಂಸ ಕೆಡುತ್ತೆ ಅಂದರೆ ನಂಬೋಕಾಗುತ್ತಾ? ಹಾಗಾಗಿ ಉದ್ದ ಹಿಡಿಯ ಕತ್ತಿಗಳನ್ನು ಹಿಡಿದು ನಿದ್ದೆಯಿಲ್ಲದೆ ಕೆಲಸ. ಹಿರಿಯರು ಎಲ್ಲಿ ಗೀರಬೇಕು ಅಂತ ಗುರುತು ಹಾಕುತ್ತಾರೆ. ಆ ಗೀರುಗಳೇ ಕಾನೂನು. ಹೊಡೆದ ದೋಣಿಗೆ ಇಷ್ಟು, ನೆರವಿಗೆ ಬಂದ ದೋಣಿಗಳಿಗೆ ಇಷ್ಟು, ಊರ ಹಬ್ಬಕ್ಕೆ ಇಷ್ಟು. ಸೊಂಟದ ಸುತ್ತ ಬೆಲ್ಟಿನ ಹಾಗೆ ಕತ್ತರಿಸಿದ ಪಟ್ಟಿ ಯಜಮಾನನದು. ಅವನದು ಅಂದರೆ ತಿನ್ನೋಕಲ್ಲ, ಬಡಿಸೋಕೆ. ಅವನ ಮನೆಯ ಮೇಲೆ ಅವನ ದೋಣಿಯ ಬಾವುಟ ಹಾರುತ್ತದೆ. ಬಾವುಟ ಕಂಡವರೆಲ್ಲ ಊಟಕ್ಕೆ ಬರಬಹುದು.

ಈಗ ಅಡುಗೆಮನೆಗೆ ಬರೋಣ.

ಚರ್ಮ ಮತ್ತು ಅದಕ್ಕಂಟಿದ ಕೊಬ್ಬು ಸೇರಿದ್ದು ಮಕ್ತಾಕ್. ಮೇಲೆ ಕಪ್ಪು, ಕೆಳಗೆ ನಸುಗೆಂಪು ಬಿಳಿ. ಹಸಿಯಾಗಿಯೋ ಹೆಪ್ಪುಗಟ್ಟಿಸಿಯೋ, 'ಉಲು' ಎಂಬ ಅರ್ಧಚಂದ್ರದಂಥ ಕತ್ತಿಯಿಂದ ಸಣ್ಣಗೆ ಹೆಚ್ಚಿ, ಉಪ್ಪು ಮುಟ್ಟಿಸಿ ತಿನ್ನುತ್ತಾರೆ. ಹೊಸದಾಗಿ ಸಿಕ್ಕ ದಿನ ಅದನ್ನೇ ನೀರಿನಲ್ಲಿ ಬೇಯಿಸಿದರೆ ಊನಾಲಿಕ್. ಹೆಪ್ಪುಗಟ್ಟಿದ ಹಸಿ ಮಾಂಸವನ್ನು ಚಕ್ಕೆಯಾಗಿ ಕೆತ್ತಿ ತಿಂದರೆ ಕ್ವಾಕ್. ನಾಲಿಗೆ, ಹೃದಯ, ಮೂತ್ರಪಿಂಡ ಬೇಯಿಸುತ್ತಾರೆ.

ಎಲ್ಲಕ್ಕಿಂತ ನಾಜೂಕಿನದು ಮಿಕಿಗಾಕ್. ಮಾಂಸ, ಮಕ್ತಾಕ್, ನಾಲಿಗೆಯ ತುಂಡುಗಳನ್ನು ರಕ್ತದೊಂದಿಗೆ ಪಾತ್ರೆಗೆ ಹಾಕಿ ತಂಪು ಜಾಗದಲ್ಲಿಟ್ಟು ಹುಳಿ ಬರಿಸುವುದು. ಮತ್ತೆ ಮತ್ತೆ ತಿರುವಬೇಕು. ಬಿಸಿಯಾದರೆ ಕೆಟ್ಟಿತು, ತೀರಾ ತಣ್ಣಗಾದರೆ ಹುಳಿಯೇರದು. ಉಪ್ಪಿನಕಾಯಿ ಭರಣಿಗೆ ಕೈ ಹಾಕಲು ಎಲ್ಲರನ್ನೂ ಬಿಡದ ನಮ್ಮಜ್ಜಿ ನೆನಪಾದರು. ಈ ಕೆಲಸಕ್ಕೂ ಕೈಗುಣ ಇರುವ ಹೆಂಗಸರೇ ಬೇಕಂತೆ. ಹುಷಾರು ತಪ್ಪಿದರೆ ಅಪಾಯ ನಿಜವಾದದ್ದೇ: ಆಹಾರದಿಂದ ಬರುವ ಬಾಟುಲಿಸಂ ಎಂಬ ವಿಷಬಾಧೆ ಅಮೆರಿಕದಲ್ಲಿ ಹೆಚ್ಚು ಕಾಣುವುದು ಅಲಾಸ್ಕಾದಲ್ಲಿ. ಹುಳಿ ಬರಿಸುವ ಸೀಲ್, ಮೀನಿನಂಥ ಆಹಾರವನ್ನು ಹಳೆಯ ಹುಲ್ಲುಹಾಸಿದ ಗುಂಡಿ ಬಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಯ ಬೆಚ್ಚನೆ ಮೂಲೆಯಲ್ಲಿಟ್ಟಾಗ ಅದು ಹೆಚ್ಚಾಯಿತು ಅಂತ ವೈದ್ಯರು ಕಂಡುಕೊಂಡಿದ್ದಾರೆ.

"ತರಕಾರಿ ಇಲ್ಲದೆ ಹೇಗೆ?" ಅಂತ ನೀವು ಕೇಳುತ್ತೀರಿ, ನಾನೂ ಕೇಳಿಕೊಂಡೆ. ಹಳೆಯ ಹಡಗಿನವರು ತಿಂಗಳುಗಟ್ಟಲೆ ಉಪ್ಪುಹಾಕಿದ ಮಾಂಸ, ಒಣ ಬಿಸ್ಕತ್ತು ತಿಂದು ವಸಡಿನಿಂದ ರಕ್ತ ಸುರಿಸಿಕೊಂಡು ಸ್ಕರ್ವಿಯಲ್ಲಿ ಸಾಯುತ್ತಿದ್ದರು. ಅದೇ ತೀರದಲ್ಲಿ ಇವರು ಗಟ್ಟಿಮುಟ್ಟಾಗಿದ್ದರು. ಗುಟ್ಟು ಇರುವುದು ಹಸಿ ಚರ್ಮದಲ್ಲಿ. ಅದರಲ್ಲಿ ಸಿ ವಿಟಮಿನ್ ಧಾರಾಳ. ಚೆನ್ನಾಗಿ ಬೇಯಿಸಿದರೆ ಅದು ಬಹಳಷ್ಟು ಹೋಗಿಬಿಡುತ್ತದೆ. ಬಿಸಿಲು ಕಾಣದ ತಿಂಗಳುಗಳಿಗೆ ಬೇಕಾದ ಡಿ ವಿಟಮಿನ್ ಕೊಬ್ಬಿನಲ್ಲಿದೆ. "ಹಸಿ ತಿನ್ನುವ ಕಾಡು ಜನ" ಅಂತ ಬರೆದು ಹೋದವರಿಗೆ ಹಸಿ ತಿನ್ನುವುದೇ ಅಲ್ಲಿ ವೈದ್ಯ ಅಂತ ಹೊಳೆಯಲಿಲ್ಲ.

ಇಷ್ಟನ್ನೂ ಇಡುವುದೆಲ್ಲಿ? ಇಲ್ಲಿದೆ ನೋಡಿ ನನ್ನನ್ನು ನಿದ್ದೆಗೆಡಿಸಿದ ವಸ್ತು: ಸಿಗ್ಲುವಾಕ್. ಅಲ್ಲಿನ ನೆಲ ಮೇಲಿನ ಒಂದೆರಡು ಅಡಿ ಬಿಟ್ಟರೆ ಬೇಸಿಗೆಯಲ್ಲೂ ಕರಗುವುದಿಲ್ಲ. ಆ ಕಲ್ಲಿನಂಥ ನೆಲವನ್ನು ಕಡಿದು, ಬಾವಿಯ ಹಾಗೆ ಇಳಿದು, ಕೆಳಗೆ ಕೋಣೆ ಮಾಡುತ್ತಾರೆ. ಮೇಲೊಂದು ಮರದ ಮುಚ್ಚಳ, ಒಳಗೊಂದು ಏಣಿ. ನಮ್ಮ ಉತ್ತರ ಕರ್ನಾಟಕದ ಜೋಳದ ಹಗೇವು ನೆನಪಿರುವವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗೋಡೆಯ ಮೇಲೆ ಹೂವಿನಂಥ ಮಂಜಿನ ಹರಳು. ಕೆಳಗೆ ಮಾಂಸ, ಮಕ್ತಾಕ್. ಕರೆಂಟು ಬೇಡ, ಬಿಲ್ಲಿಲ್ಲ. ಪ್ರತಿ ವಸಂತ ಬೇಟೆಗೆ ಮುಂಚೆ ಉಗ್ರಾಣವನ್ನು ಖಾಲಿ ಮಾಡಿ ಕೆರೆದು ಶುಚಿ ಮಾಡಬೇಕು. ಉಳಿದ ಹಳೆಯ ಮಾಂಸ ಹಂಚಿಬಿಡಬೇಕು. ತಿಮಿಂಗಿಲ ತಾನು ಮಲಗುವ ಮನೆ ಚೊಕ್ಕಟವಾಗಿದೆಯೇ ಅಂತ ನೋಡಿಯೇ ಬರುತ್ತದಂತೆ. ಕೂಡಿಟ್ಟು ಕೊಳೆಸುವವನ ಬಳಿ ಬರುವುದಿಲ್ಲವಂತೆ.

ಜೂನ್ ತಿಂಗಳಲ್ಲಿ ನಲುಕತಾಕ್ ಹಬ್ಬ. ತಿಮಿಂಗಿಲ ಸಿಕ್ಕ ಯಜಮಾನರು ಊರಿಗೆಲ್ಲ ಉಣಬಡಿಸಬೇಕು. ಬಾತು, ಸಾರಂಗದ ಸಾರು, ಮಿಕಿಗಾಕ್, ಕ್ವಾಕ್, ಮಕ್ತಾಕ್, ಕೊನೆಗೆ ಕೇಕು, ಹಣ್ಣು, ಟೀ. ಜನ ಪಾತ್ರೆ, ಪ್ಲಾಸ್ಟಿಕ್ ಚೀಲ ಹಿಡಿದೇ ಬರುತ್ತಾರೆ, ಮನೆಗೂ ಒಯ್ಯುತ್ತಾರೆ. ಸಂಜೆ ಸೀಲ್ ಚರ್ಮದ ದೊಡ್ಡ ಹಾಸನ್ನು ಸುತ್ತಲೂ ಹಿಡಿದು ಒಬ್ಬೊಬ್ಬರನ್ನೇ ಆಕಾಶಕ್ಕೆ ಚಿಮ್ಮಿಸುತ್ತಾರೆ. ಮುಳುಗದ ಸೂರ್ಯನಡಿ ಕುಣಿತ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್‌ಗೂ ಪಾಲು ಎತ್ತಿಟ್ಟಿರುತ್ತಾರೆ, ಚರ್ಚಿನಲ್ಲಿ ಹಂಚುತ್ತಾರೆ. ಬೇಟೆಗೆ ಹೋಗಲಾರದ ವಿಧವೆ, ಮುದುಕರಿಗೂ ಪಾಲು ಉಂಟು. ಈ ತಿಮಿಂಗಿಲದ ಮಾಂಸವನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ಮೂಳೆ, ಬಲೀನ್‌ನಿಂದ ಮಾಡಿದ ಕುಶಲವಸ್ತುಗಳನ್ನಷ್ಟೇ ಮಾರಬಹುದು.

*

ಈಗ ಕಥೆಯ ಕಹಿ ಭಾಗ.

1848ರಲ್ಲಿ ಥಾಮಸ್ ರಾಯ್ಸ್ ಎಂಬ ಅಮೆರಿಕನ್ ಕ್ಯಾಪ್ಟನ್ 'ಸುಪೀರಿಯರ್' ಎಂಬ ಹಡಗಿನಲ್ಲಿ ಬೇರಿಂಗ್ ಜಲಸಂಧಿ ದಾಟಿದ. ಅಲ್ಲಿ ಎಲ್ಲಿ ನೋಡಿದರೂ ಬೋಹೆಡ್. ನಿಧಾನಕ್ಕೆ ಈಜುವ, ಸತ್ತರೆ ಬಹುಮಟ್ಟಿಗೆ ತೇಲುವ, ಕೊಬ್ಬು ತುಂಬಿದ ಪ್ರಾಣಿ. ಸುದ್ದಿ ಹಬ್ಬಿತು. ನಾಲ್ಕೇ ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಹಡಗುಗಳು ಆ ಸಮುದ್ರಕ್ಕೆ ಬಂದವು. ಮೊದಲು ದೀಪದ ಎಣ್ಣೆಗಾಗಿ. ಪೆಟ್ರೋಲಿಯಂ ಬಂದು ಎಣ್ಣೆಯ ಬೆಲೆ ಬಿದ್ದ ಮೇಲೆ ಬಲೀನ್‌ಗಾಗಿ. ಪ್ಲಾಸ್ಟಿಕ್ ಇಲ್ಲದ ಆ ಕಾಲದಲ್ಲಿ ಬಾಗಿಯೂ ಮುರಿಯದ ವಸ್ತು ಅದು. ಯುರೋಪು, ಅಮೆರಿಕದ ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್‌ಗಳಿಗೆ, ಕೊಡೆಯ ಕಡ್ಡಿಗೆ, ಚಾವಟಿಗೆ ಅದೇ ಬೇಕು. ಕೊನೆಕೊನೆಗೆ ಎಷ್ಟೋ ಹಡಗಿನವರು ಬಾಯಿಯ ಬಲೀನ್ ಕಿತ್ತುಕೊಂಡು ಇಡೀ ತಿಮಿಂಗಿಲವನ್ನು ಸಮುದ್ರಕ್ಕೆ ಬಿಟ್ಟು ಹೋಗುತ್ತಿದ್ದರು.

1871ರಲ್ಲಿ ಸಮುದ್ರವೂ ಒಮ್ಮೆ ತಿರುಗಿಬಿತ್ತು. ವೇನ್‌ರೈಟ್ ಬಳಿ ಐಸ್ ನಡುವೆ 33 ಹಡಗು ಸಿಕ್ಕಿಬಿದ್ದವು. 1,219 ಮಂದಿ ಸಣ್ಣ ದೋಣಿ ಹಿಡಿದು ದಕ್ಷಿಣದಲ್ಲಿದ್ದ ಬೇರೆ ಹಡಗುಗಳಿಗೆ ತಲುಪಿದರು, ಒಬ್ಬರೂ ಸಾಯಲಿಲ್ಲ. ಆದರೂ ಬೇಟೆ ನಿಲ್ಲಲಿಲ್ಲ. 1848ರಿಂದ 1914ರ ನಡುವೆ ಹದಿನೆಂಟು ಸಾವಿರಕ್ಕೂ ಹೆಚ್ಚು ಬೋಹೆಡ್‌ಗಳನ್ನು ಕೊಂದರು ಅಂತ ಹಡಗಿನ ದಿನಚರಿಗಳನ್ನು ಲೆಕ್ಕ ಹಾಕಿದವರು ಹೇಳುತ್ತಾರೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಇಪ್ಪತ್ತು ವರ್ಷದಲ್ಲೇ. ತಿಮಿಂಗಿಲ ಸಾಲದಾದಾಗ ವಾಲ್ರಸ್‌ಗಳನ್ನೂ ಸಾವಿರಗಟ್ಟಲೆ ಹೊಡೆದರು. ಹಡಗುಗಳ ಜೊತೆ ಹೆಂಡ ಬಂತು, ರೋಗ ಬಂತು. 1878-80ರಲ್ಲಿ ದಕ್ಷಿಣದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ, ಇವರ ನೆರೆಯ ಯೂಪಿಕ್ ಜನರಲ್ಲಿ, ಮೂರರಲ್ಲಿ ಎರಡು ಪಾಲು ಜನ ಹಸಿವೆ, ಕಾಯಿಲೆಯಿಂದ ಸತ್ತರು. 1900ರಲ್ಲಿ ಅಲಾಸ್ಕಾದ ತೀರದುದ್ದಕ್ಕೂ ದಡಾರ ಮತ್ತು ಫ್ಲೂ.

ಇದರಲ್ಲಿ ಇನ್ಯುಪಿಯಾಟ್ ಜನ ಬರೀ ನೋಡುತ್ತಾ ನಿಂತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಬಂದೂಕು, ಹಿಟ್ಟು, ಚಹಾಕ್ಕಾಗಿ ಅವರೂ ಬಲೀನ್ ಮಾರಿದರು, ವ್ಯಾಪಾರಿಗಳ ದೋಣಿಯಲ್ಲಿ ಕೂಲಿ ಮಾಡಿದರು, ಸಿಡಿಗುಂಡಿನ ಹಾರ್ಪೂನ್ ಬಳಸಲು ಕಲಿತರು. 1880ರ ದಶಕದಲ್ಲಿ ಚಾರ್ಲ್ಸ್ ಬ್ರೋವರ್ ಎಂಬ ಅಮೆರಿಕನ್ ಬ್ಯಾರೋದಲ್ಲಿ ಬೇಟೆ ವ್ಯಾಪಾರ ಮಾಡಲು ಬಂದು, ಅಲ್ಲೇ ಮದುವೆಯಾಗಿ, ಅಲ್ಲೇ ನೆಲೆಸಿದ. ಅವನ ಹೆಸರು ನೆನಪಿರಲಿ.

1908ರ ಆಸುಪಾಸಿನಲ್ಲಿ ಬಲೀನ್ ಬೆಲೆ ಕುಸಿಯಿತು. ಉಕ್ಕಿನ ಪಟ್ಟಿ ಬಂತು, ಫ್ಯಾಷನ್ನೂ ಬದಲಾಯಿತು. ಹಡಗುಗಳು ಮಾಯವಾದವು. ತಿಮಿಂಗಿಲ ಬರೀ ಊಟಕ್ಕಾಗಿ ಬೇಕಾದವರು ಮಾತ್ರ ತೀರದಲ್ಲಿ ಉಳಿದರು.

*

ಎಪ್ಪತ್ತು ವರ್ಷದ ಮೇಲೆ ಬಿಲ್ಲು ಬಂತು. ಕಾರ್ಸೆಟ್ ತೊಟ್ಟವರ ಮನೆಗಲ್ಲ, ಈ ತೀರಕ್ಕೆ.

1977ರ ಜೂನ್. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಇವರ ಬೋಹೆಡ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಉಳಿದಿರುವುದು ಹೆಚ್ಚೆಂದರೆ ಎರಡು ಸಾವಿರ ಅನ್ನುವುದು ವಿಜ್ಞಾನಿಗಳ ಅಂದಾಜು. ಆಯೋಗದ ಆತಂಕ ಸುಳ್ಳೇನಾಗಿರಲಿಲ್ಲ. ಆ ದಶಕದಲ್ಲಿ ಎಣ್ಣೆ ಕಂಪನಿಗಳ ಸಂಬಳ ಬಂದು ಹೊಸ ಹೊಸ ದೋಣಿಗಳು ಹುಟ್ಟಿದ್ದವು, ಅನುಭವವಿಲ್ಲದವರೂ ಹೊರಟಿದ್ದರು, ಹೊಡೆದದ್ದರಲ್ಲಿ ಸುಮಾರು ಅರ್ಧ ಕೈತಪ್ಪಿ ಐಸ್ ಕೆಳಗೆ ಹೋಗಿ ಸಾಯುತ್ತಿದ್ದವು. ಇದು ದೊಡ್ಡ ತಪ್ಪೇ.

ಕಾಕತಾಳೀಯ ನೋಡಿ, ಅದೇ ಜೂನ್‌ನಲ್ಲಿ ಬ್ಯಾರೋದಲ್ಲಿ ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ಗಳ ಇನ್ಯೂಟ್ ಜನ ಮೊಟ್ಟಮೊದಲ ಬಾರಿಗೆ ಒಟ್ಟಾಗಿ ಸಮ್ಮೇಳನ ಸೇರಿದ್ದರು. ಕರೆದವರು ಅಲ್ಲಿನ ಮೇಯರ್ ಈಬೆನ್ ಹಾಪ್ಸನ್. ಬೇಟೆಗಾರರು ಸುಮ್ಮನೆ ಕೂರಲಿಲ್ಲ. ಅದೇ ವರ್ಷ 'ಅಲಾಸ್ಕಾ ಎಸ್ಕಿಮೋ ವೇಲಿಂಗ್ ಕಮಿಷನ್' ಕಟ್ಟಿದರು. ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಸೇರಿದ ಆಯೋಗ ನಿಷೇಧ ಸಡಿಲಿಸಿತು: 1978ಕ್ಕೆ 12 ತಿಮಿಂಗಿಲ ಹಿಡಿಯಬಹುದು, ಇಲ್ಲವೇ 18ಕ್ಕೆ ಹೊಡೆಯಬಹುದು, ಯಾವುದು ಮೊದಲೋ ಅದು. ಒಂಬತ್ತು ಊರುಗಳಿಗೆ ಸೇರಿ ಇಷ್ಟು. ಹನ್ನೆರಡನ್ನು ಒಂಬತ್ತು ಊರಿಗೆ, ಆಮೇಲೆ ಮನೆಮನೆಗೆ ಹೇಗೆ ಹಂಚೋದು?

ಬೇಟೆಗಾರರು ಹೇಳಿದ್ದು ಒಂದೇ ಮಾತು: ನಿಮ್ಮ ಎಣಿಕೆ ತಪ್ಪು.

ವಿಜ್ಞಾನಿಗಳು ಐಸ್ ಅಂಚಿನ ದಿಬ್ಬದ ಮೇಲೆ ಕೂತು, ತೆರೆದ ನೀರಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಎಣಿಸುತ್ತಿದ್ದರು. ನೀರಿನ ಹಾದಿ ಮುಚ್ಚಿದರೆ ತಿಮಿಂಗಿಲಗಳ ಪಯಣವೂ ನಿಲ್ಲುತ್ತದೆ, ಅವಕ್ಕೆ ಉಸಿರಾಡಬೇಕಲ್ಲ, ಅನ್ನುವುದು ಅವರ ತರ್ಕ. ಹಿರಿಯ ಬೇಟೆಗಾರರು ಅಂದರು: ಅವು ಐಸಿಗೆ ಹೆದರುವುದಿಲ್ಲ. ತಲೆಯಿಂದ ಒಡೆದು ಉಸಿರು ತೆಗೆದುಕೊಂಡು ಅಡಿಯಲ್ಲೇ ಹೋಗುತ್ತವೆ. ನಿಮಗೆ ಕಾಣದಷ್ಟು ದೂರದಲ್ಲೂ ಹೋಗುತ್ತವೆ. ಇದನ್ನು ಟಾಮ್ ಆಲ್ಬರ್ಟ್ ಎಂಬ ವಿಜ್ಞಾನಿಗೆ ತಾಳ್ಮೆಯಿಂದ ತಿಳಿಸಿ ಹೇಳಿದವರು ಹ್ಯಾರಿ ಬ್ರೋವರ್. ಹೌದು, ಆ ಚಾರ್ಲ್ಸ್ ಬ್ರೋವರ್‌ನ ಮಗ! ಅಪ್ಪ ಬಲೀನ್ ವ್ಯಾಪಾರಕ್ಕೆ ಬಂದವನು, ಮಗ ತಾಯಿಯ ಜನರ ನಡುವೆ ಬೆಳೆದು ಯಜಮಾನನಾದವರು.

ಆಲ್ಬರ್ಟ್ ಆ ಮಾತನ್ನು ತಳ್ಳಿಹಾಕಲಿಲ್ಲ. ಇದು ನಿಜವೋ ಸುಳ್ಳೋ ಅಂತ ಪರೀಕ್ಷಿಸಲು ಹೊರಟರು. 1980ರ ದಶಕದಲ್ಲಿ ಐಸ್ ಅಡಿಗೆ ನೀರಿನ ಮೈಕುಗಳನ್ನು ಇಳಿಬಿಟ್ಟರು. ಕಣ್ಣಿಗೆ ಒಂದೂ ಕಾಣದ, ಹಾದಿ ಮುಚ್ಚಿದ ಹೊತ್ತಿನಲ್ಲೂ ಕೆಳಗೆ ತಿಮಿಂಗಿಲಗಳ ದನಿ ಕೇಳುತ್ತಿತ್ತು, ಒಂದರ ಹಿಂದೊಂದು ಸಾಗುತ್ತಿದ್ದವು. 1988ರ ವಲಸೆಯ ಎಣಿಕೆ ಏಳು ಸಾವಿರ ದಾಟಿತು. 2001ರಲ್ಲಿ ಹತ್ತು ಸಾವಿರದ ಮೇಲೆ. 2011ರಲ್ಲಿ ಹದಿನಾರು ಸಾವಿರದ ಮೇಲೆ. ಎಣಿಸುವ ವಿಧಾನ ಸುಧಾರಿಸಿದ್ದೂ ಹೌದು, ಸಂತತಿ ನಿಜವಾಗಿ ಬೆಳೆದದ್ದೂ ಹೌದು.

ಇದೇ ಹ್ಯಾರಿ ಬ್ರೋವರ್ ಆಂಕರೇಜ್‌ನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮರಿ ತಿಮಿಂಗಿಲ ಬಂದು ತನ್ನ ಜೊತೆ ಮಾತಾಡಿತು, ತನ್ನ ತಾಯಿಯನ್ನು ಕೊಂದದ್ದನ್ನು ಹೇಳಿತು ಅಂತ ಹೇಳಿಕೊಂಡಿದ್ದರು. ಮೈಕು ಇಳಿಬಿಡಲು ದಾರಿ ತೋರಿಸಿದ ಮನುಷ್ಯನೇ ಇದನ್ನೂ ಹೇಳಿದ್ದು. ನಾವು ಒಂದನ್ನು ವಿಜ್ಞಾನ, ಇನ್ನೊಂದನ್ನು ಕನಸು ಅಂತ ಬೇರೆ ಡಬ್ಬಿಗೆ ಹಾಕುತ್ತೇವೆ. ಅವರಿಗೆ ಎರಡೂ ತಿಮಿಂಗಿಲದ ಮಾತು ಕೇಳಿಸಿಕೊಳ್ಳುವ ಕೆಲಸವೇ ಆಗಿತ್ತೇನೋ.

ಬೇಟೆಗಾರರೂ ತಮ್ಮ ತಪ್ಪು ತಿದ್ದಿಕೊಂಡರು. 1981ರಿಂದ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕೋಟಾ ಹಂಚುವುದು, ಕಣ್ಣಿಡುವುದು ತಾವೇ ಮಾಡುತ್ತಿದ್ದಾರೆ. ಬೇಗ ಕೊಲ್ಲುವ ಹೊಸ ಸಿಡಿಗುಂಡು ತಂದರು, ತರಬೇತಿ ಕೊಟ್ಟರು. ಈಗ ಹೊಡೆದ ನಾಲ್ಕರಲ್ಲಿ ಮೂರು ಕೈಸೇರುತ್ತವೆ. ಆದರೂ ನೆಮ್ಮದಿಯಿಲ್ಲ. 2002ರಲ್ಲಿ ಜಪಾನ್ ತನ್ನ ಬೇಟೆಗೆ ಅನುಮತಿ ಸಿಗದ ಸಿಟ್ಟಿಗೆ ಇವರ ಕೋಟಾಕ್ಕೆ ಅಡ್ಡಗಾಲು ಹಾಕಿತು. ಕೆಲವು ತಿಂಗಳ ನಂತರ ವಿಶೇಷ ಸಭೆಯಲ್ಲಿ ಅದು ಸರಿಹೋಯಿತು. ಹತ್ತು ಊರುಗಳ ಊಟ ದೂರದ ಹೋಟೆಲಿನ ಸಭಾಂಗಣದ ಮತಕ್ಕೆ ನೇತುಬಿದ್ದಿತ್ತು. 2018ರಲ್ಲಿ ಆಯೋಗ, ಷರತ್ತು ಪಾಲಿಸುವವರೆಗೂ ಕೋಟಾ ತಾನಾಗಿ ಮುಂದುವರಿಯಲಿ ಅಂತ ಒಪ್ಪಿದ ಮೇಲೆ ಆ ಭಯ ಒಂದಿಷ್ಟು ಕಡಿಮೆಯಾಯಿತು.

*

ಹಾಗಾದರೆ ಕಥೆ ಸುಖಾಂತವೇ? ಇಲ್ಲ. ಈ ಸಲದ ಬಿಲ್ಲು ಉಗ್ರಾಣಕ್ಕೇ ಬಂದಿದೆ.

ಭೂಮಿ ಬಿಸಿಯಾಗುತ್ತಿರುವುದು ಧ್ರುವದ ಕಡೆ ಎಲ್ಲಕ್ಕಿಂತ ಜೋರು. ಎಂದೂ ಕರಗದ ನೆಲ ಕರಗತೊಡಗಿದೆ. ಎಷ್ಟೋ ಊರುಗಳಲ್ಲಿ ಸಿಗ್ಲುವಾಕ್‌ಗಳಿಗೆ ನೀರು ನುಗ್ಗಿದೆ, ಗೋಡೆ ಕುಸಿದಿದೆ, ಮಾಂಸ ಕೆಟ್ಟಿದೆ. ಜನ ಕರೆಂಟಿನ ಫ್ರೀಜರ್ ಕೊಂಡಿದ್ದಾರೆ. ಆದರೆ ಟನ್‌ಗಟ್ಟಲೆ ಪಾಲು ಫ್ರೀಜರ್‌ನಲ್ಲಿ ಹಿಡಿಸುವುದಿಲ್ಲ, ಉಗ್ರಾಣದಲ್ಲಿ ನಿಧಾನಕ್ಕೆ ಏರುವ ರುಚಿಯೂ ಬರುವುದಿಲ್ಲ ಅನ್ನುತ್ತಾರೆ ಹಿರಿಯರು. ವಸಂತದಲ್ಲಿ ದಡದ ಐಸ್ ತೆಳು, ತಿಮಿಂಗಿಲ ಎಳೆದು ನಿಲ್ಲಿಸಿದರೆ ಭಾರ ತಡೆಯುವುದೋ ಇಲ್ಲವೋ ಅನ್ನುವ ಭಯ. 2019ರ ಶರತ್ಕಾಲದಲ್ಲಿ ಉಟ್ಕಿಯಾಗ್ವಿಕ್‌ನಲ್ಲಿ ನವೆಂಬರ್ ನಡುವಿನವರೆಗೂ ಒಂದೂ ತಿಮಿಂಗಿಲ ಸಿಗಲಿಲ್ಲ. ಮಾಮೂಲಿಗಿಂತ ವಾರಗಟ್ಟಲೆ ತಡ. ಊರೆಲ್ಲ ಆತಂಕದಲ್ಲಿತ್ತು.

ಮತ್ತೆ ಅದೇ ಲೆಕ್ಕ. ಎಣ್ಣೆ ಉರಿಸಿದವರು ಬಹುಪಾಲು ಬೇರೆಯವರು. ಖಾಲಿಯಾದ ಉಗ್ರಾಣ ಇವರದು. (ಅಲ್ಲಿ ನೆಲದಡಿ ಎಣ್ಣೆ ತೆಗೆದು ಬಂದ ತೆರಿಗೆಯಿಂದಲೇ ಇವರ ಶಾಲೆಗಳು ನಡೆಯುವುದು ಅನ್ನುವುದೂ ನಿಜ. ಯಾವ ಕಥೆಯೂ ಪೂರ್ತಿ ಬಿಳಿ ಅಲ್ಲ, ಹಿಮದ ಕಥೆಯೂ ಅಲ್ಲ.)

ನನಗೆ ತಿಮಿಂಗಿಲ ಸಾಯುವುದು ಈಗಲೂ ಕಷ್ಟವೇ. ಇನ್ನೂರು ವರ್ಷ ಬದುಕಬಲ್ಲ ಜೀವ ಅದು. ಆ ಫೋಟೋ ನೋಡಿದಾಗ ಈಗಲೂ ಹೊಟ್ಟೆ ತೊಳಸುತ್ತದೆ. ಆದರೆ ನನಗಾದ ಹೇಸಿಗೆಯನ್ನೇ ನ್ಯಾಯ ಅಂದುಕೊಂಡು ಪುಟ ಮುಚ್ಚಿದ್ದು ತಪ್ಪು ಅಂತ ಅನ್ನಿಸಿದೆ. ಬಲೀನ್ ಕಿತ್ತು ಉಳಿದದ್ದನ್ನು ನೀರಿಗೆ ಬಿಟ್ಟವರ ಫೋಟೋ ನನ್ನನ್ನು ಕಾಡುವ ಹಾಗೆ ಯಾರೂ ತೆಗೆದಿಟ್ಟಿಲ್ಲ. ಅದು ಚೆಂದದ ಉಡುಪಾಗಿ ಮ್ಯೂಸಿಯಂಗಳಲ್ಲಿದೆ.

ಮಗಳಿಗೆ ಈಗ ಉತ್ತರ ಕೊಟ್ಟಿದ್ದೇನೆ, ಒಂದಷ್ಟು ಭಾಗ ಬಿಟ್ಟು. ಎಲ್ಲ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ: "ಫ್ರಿಜ್ ಕ್ಲೀನ್ ಆಗಿಲ್ಲ ಅಂದ್ರೆ ತಿಮಿಂಗಿಲ ಬರಲ್ವಾ?" ಹೌದಮ್ಮ ಅಂದೆ. ಒಳಗಿನಿಂದ ನನ್ನಾಕೆ, "ಹಾಗಿದ್ರೆ ನಮ್ಮನೆಗಂತೂ ಬರಲ್ಲ ಬಿಡು" ಅಂದಳು. ಚಾರ್ಟಿನ ಪೆಂಗ್ವಿನ್ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ ಒಂದು ದೊಡ್ಡ ಇಂಟು ಮಾರ್ಕ್ ಹಾಕಿದ್ದಾಳೆ.

ಹಗೇವು ಕಣ್ಣಾರೆ ನೋಡಿದವರು, ಅದಕ್ಕಿಳಿದವರು ಯಾರಾದರೂ ಇದ್ದೀರಾ? ಅದು ಎಷ್ಟು ಆಳವಿತ್ತು, ತೆಗೆಯುವ ದಿನ ಯಾರ್ಯಾರಿಗೆ ಪಾಲು ಹೋಗುತ್ತಿತ್ತು, ಯಾವಾಗ ಮುಚ್ಚಿಹೋಯಿತು? ಬರೆದು ತಿಳಿಸಿ, ಓದಬೇಕು ಅಂತ ಆಸೆ.